ಸೋಲಾರ್ ಬಿಲ್ಲಿಗೆ, ಬ್ಯಾಟರಿ ಗುರುವಾರಕ್ಕೆ

ಪುಣೆಯಲ್ಲಿ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ ಇದು. ಬೋರ್ಡಿನ ಮೇಲೆ ಗೀಚಿ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಬಹಳ ಜನರಿಗೆ ಉಪಯೋಗ ಆಗುವಂಥವನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಪುಣೆಯಲ್ಲಿ ಇರುವವರಿಗೆ ಗುರುವಾರದ ಮಹಿಮೆ ಹೇಳಬೇಕಾಗಿಲ್ಲ. ಭೋಸರಿ, ಚಿಂಚ್‌ವಡ್ ಕಡೆಯ ಕಾರ್ಖಾನೆಗಳಿಗೆ ಅವತ್ತು ವಾರದ ರಜೆ. ಲೋಡ್ ಕಡಿಮೆ ಇರುತ್ತದೆ ಅಂತ ಮಹಾರಾಷ್ಟ್ರದ ಕರೆಂಟು ಕಂಪನಿ ಮಹಾವಿತರಣದವರು ಲೈನ್ ರಿಪೇರಿಯನ್ನೂ ಸಾಮಾನ್ಯವಾಗಿ ಗುರುವಾರಕ್ಕೇ ಇಟ್ಟುಕೊಳ್ಳುತ್ತಾರೆ. ಕೆಲವು ಗುರುವಾರ ಪಾಲಿಕೆಯ ನೀರೂ ಬಂದ್. ಕರೆಂಟಿಲ್ಲ, ನೀರಿಲ್ಲ, ತಲೆ ಮೇಲೆ ಮಾತ್ರ ರಣ ಬಿಸಿಲು. ಆಗ ಎಲ್ಲರಿಗೂ ಒಂದೇ ಯೋಚನೆ ಬರುತ್ತದೆ. ಮಾಳಿಗೆ ಮೇಲೆ ಸೋಲಾರ್ ಹಾಕಿಸಿದ್ದರೆ ಈ ತಾಪತ್ರಯ ಇರುತ್ತಿರಲಿಲ್ಲ ಅಲ್ವಾ?

ಇರುತ್ತಿತ್ತು. ಮಾತನ್ನು ಅಲ್ಲಿಂದಲೇ ಶುರು ಮಾಡುತ್ತೇನೆ.

ನಿಮ್ಮ ಓಣಿಯಲ್ಲಿ ಕಾಣುವ ಸೋಲಾರ್‌ಗಳಲ್ಲಿ ಹೆಚ್ಚಿನವು ಆನ್‌ಗ್ರಿಡ್, ಅಂದರೆ ಗ್ರಿಡ್ ಅನ್ನುವ ಹೊರಗಿನ ಲೈನಿಗೆ ಕಟ್ಟಿಕೊಂಡೇ ಓಡುವಂಥವು. ಅವುಗಳಲ್ಲಿ ಬ್ಯಾಟರಿ ಇರುವುದಿಲ್ಲ. ಪ್ಯಾನಲ್‌ನಿಂದ ಬಂದ ಡಿಸಿ ಕರೆಂಟನ್ನು ಇನ್ವರ್ಟರ್ ಮನೆಗೆ ಬೇಕಾದ ಎಸಿ ಕರೆಂಟು ಮಾಡಿ, ಮಹಾವಿತರಣದ ಲೈನಿನ ತಾಳಕ್ಕೆ ತಾಳ ಹಾಕಿ ಒಳಗೆ ಬಿಡುತ್ತದೆ. ಲೈನ್ ಸತ್ತರೆ ಇನ್ವರ್ಟರ್ ಕೂಡ ಕೈ ಕಟ್ಟಿ ಕೂರುತ್ತದೆ. ಎಷ್ಟೇ ಬಿಸಿಲಿರಲಿ, ಒಂದು ಬಲ್ಬೂ ಉರಿಯುವುದಿಲ್ಲ. ಇದು ಕಂಪನಿಯವರ ಕುತಂತ್ರ ಅಲ್ಲ, ಕಾನೂನು. ಕೇಂದ್ರ ವಿದ್ಯುತ್ ಪ್ರಾಧಿಕಾರ 2013ರಲ್ಲಿ ಮಾಡಿದ ನಿಯಮದ ಪ್ರಕಾರ ಗ್ರಿಡ್ ವೋಲ್ಟೇಜ್ ಶೇ. 110ಕ್ಕಿಂತ ಮೇಲೆ ಹೋದರೆ ಅಥವಾ ಶೇ. 80ಕ್ಕಿಂತ ಕೆಳಗಿಳಿದರೆ ಇನ್ವರ್ಟರ್ 2 ಸೆಕೆಂಡಿನೊಳಗೆ ಗ್ರಿಡ್‌ನಿಂದ ಬಿಡಿಸಿಕೊಳ್ಳಬೇಕು. ಫ್ರೀಕ್ವೆನ್ಸಿ 47.5ರಿಂದ 50.5 ಹರ್ಟ್ಜ್‌ನ ಆಚೆ ಹೋದರೆ 0.2 ಸೆಕೆಂಡು ಮಾತ್ರ ಟೈಮು. ಕರೆಂಟು ವಾಪಸ್ ಬಂದ ಮೇಲೂ 60 ಸೆಕೆಂಡು ಸುಮ್ನೆ ಕಾದು, ಎಲ್ಲ ಸರಿ ಇದೆ ಅಂತ ನೋಡಿಕೊಂಡೇ ಮತ್ತೆ ಸೇರಿಕೊಳ್ಳಬೇಕು. ಇದನ್ನೇ ಆಂಟಿ ಐಲ್ಯಾಂಡಿಂಗ್ ಅನ್ನುತ್ತಾರೆ, ಲೈನ್ ಸತ್ತಾಗ ದ್ವೀಪದ ಹಾಗೆ ಒಂಟಿಯಾಗಿ ಓಡಬಾರದು ಅಂತ.

ಯಾಕೆ ಇಷ್ಟು ಬಿಗಿ? ಕಂಬ ಹತ್ತಿದ ಲೈನ್‌ಮನ್‌ಗೋಸ್ಕರ. ನಿಮ್ಮ ಓಣಿಯ ಟ್ರಾನ್ಸ್‌ಫಾರ್ಮರ್ 11,000 ವೋಲ್ಟನ್ನು ಇಳಿಸಿ ಮನೆಗೆ 230 ವೋಲ್ಟ್ ಕೊಡುತ್ತದೆ. ಟ್ರಾನ್ಸ್‌ಫಾರ್ಮರ್‌ಗೆ ಹಿಂದೆ ಮುಂದೆ ಅನ್ನುವುದೇ ಇಲ್ಲ. ಲೈನ್ ಬಂದ್ ಮಾಡಿದ್ದೇವೆ ಅಂತ ಆತ ನಂಬಿಕೊಂಡಿರುವಾಗ ನಿಮ್ಮ ಮನೆಯಿಂದ 230 ವೋಲ್ಟ್ ಹಿಂದಕ್ಕೆ ಹೋದರೆ, ಆಚೆ ಕಡೆ ಸಾವಿರಾರು ವೋಲ್ಟ್ ಎದ್ದು ನಿಲ್ಲಬಹುದು. ಗುರುವಾರ ಕೆಲಸ ಮಾಡುವ ಹುಡುಗರು ಕೈ ಇಡುವುದು ಅಲ್ಲೇ.

ಇಲ್ಲೊಂದು ಸ್ವಾರಸ್ಯದ ವಿಷಯ ಇದೆ. ಮನೆ ಮಟ್ಟದಲ್ಲಿ ನಾವು ಬೇಡ ಅನ್ನುವ ಈ ಐಲ್ಯಾಂಡಿಂಗ್ ಮುಂಬೈಗೆ ಮಾತ್ರ ಬೇಕೇ ಬೇಕು. ಸುತ್ತಲಿನ ಗ್ರಿಡ್ ಕುಸಿದರೆ ಮುಂಬೈ ತಾನೊಬ್ಬನೇ ಬೇರೆಯಾಗಿ, ತನ್ನ ಹತ್ತಿರದ ವಿದ್ಯುತ್ ಸ್ಥಾವರಗಳ ಮೇಲೆ ಬದುಕಿಕೊಳ್ಳುವ ವ್ಯವಸ್ಥೆ ಅಲ್ಲಿ ದಶಕಗಳಿಂದ ಇದೆ. 2020ರ ಅಕ್ಟೋಬರ್ 12ರ ಬೆಳಿಗ್ಗೆ ಅದು ಕೈಕೊಟ್ಟಿತು. ಲೋಕಲ್ ಟ್ರೇನುಗಳು ಹಳಿ ಮೇಲೆ ನಿಂತವು. ದ್ವೀಪ ಆಗುವುದೇ ತಪ್ಪಲ್ಲ. ಹೊರಗಿನ ಲೈನಿಗೂ ನಮಗೂ ನಡುವಿನ ಕೊಂಡಿ ಪೂರ್ತಿ ಕಳಚಿದ ಮೇಲೆ ದ್ವೀಪ ಆಗಬೇಕು, ಅಷ್ಟೇ. ಸೋಲಾರ್ ಜೊತೆ ಬ್ಯಾಟರಿಯನ್ನೂ ನಡೆಸುವ ಹೈಬ್ರಿಡ್ ಇನ್ವರ್ಟರ್ ನಿಮ್ಮ ಮನೆಯಲ್ಲಿ ಮಾಡುವುದೂ ಇದೇ ಕೆಲಸ.

ಆ ಪೆಟ್ಟಿಗೆಗೆ ನಾಲ್ಕು ಬಾಯಿ. ಒಂದಕ್ಕೆ ಪ್ಯಾನಲ್, ಒಂದಕ್ಕೆ ಬ್ಯಾಟರಿ, ಒಂದಕ್ಕೆ ಗ್ರಿಡ್. ನಾಲ್ಕನೆಯದು ಬ್ಯಾಕಪ್. ಕೆಲವು ಕಂಪನಿಗಳು ಅದಕ್ಕೆ ಇಪಿಎಸ್ ಅಂತ ಬರೆದಿರುತ್ತವೆ. ಕರೆಂಟು ಹೋದ ಕೂಡಲೇ ಒಳಗಿನ ರಿಲೇ ಟಪ್ ಅಂತ ಗ್ರಿಡ್ ಬಾಯಿ ಮುಚ್ಚುತ್ತದೆ, ಬ್ಯಾಕಪ್ ಬಾಯಿಗೆ ಬ್ಯಾಟರಿಯಿಂದ ಕರೆಂಟು ಹೊರಡುತ್ತದೆ. ಒಳ್ಳೆ ಯಂತ್ರದಲ್ಲಿ ಇದಕ್ಕೆ 10ರಿಂದ 20 ಮಿಲಿಸೆಕೆಂಡು ಸಾಕು. ರೂಟರ್ ಕೂಡ ರೀಸ್ಟಾರ್ಟ್ ಆಗುವುದಿಲ್ಲ.

ಇನ್ನು ದುಡ್ಡಿನ ಮಾತು. ಇವತ್ತು ನಾನು ಹೇಳಬೇಕು ಅಂತ ಬಂದಿರುವುದೇ ಇದು. ಮಾರುವವರು ಇದನ್ನು ಬಿಡಿಸಿ ಹೇಳುವುದಿಲ್ಲ.

ಮಹಾರಾಷ್ಟ್ರದಲ್ಲಿ ಮನೆಗಳಿಗೆ ನೆಟ್ ಮೀಟರಿಂಗ್ ಇದೆ. ಅದು ಕಿರಾಣಿ ಅಂಗಡಿಯ ಖಾತೆ ಪುಸ್ತಕ ಇದ್ದ ಹಾಗೆ. ಹಗಲು ನೀವು ಖರ್ಚು ಮಾಡಿ ಉಳಿದ ಯೂನಿಟ್ಟು ಹೊರಗೆ ಹೋಗಿ ನಿಮ್ಮ ಹೆಸರಿಗೆ ಜಮಾ ಆಗುತ್ತದೆ, ರಾತ್ರಿ ತೆಗೆದುಕೊಂಡಿದ್ದು ಖರ್ಚಿಗೆ ಬೀಳುತ್ತದೆ, ತಿಂಗಳ ಕೊನೆಗೆ ಕಳೆದು ಉಳಿದದ್ದಕ್ಕೆ ಬಿಲ್ಲು. ಜಾಸ್ತಿ ಉಳಿದರೆ ಮುಂದಿನ ತಿಂಗಳಿಗೆ ಹೋಗುತ್ತದೆ. ಒಂದು ಯೂನಿಟ್ ಕೊಟ್ಟರೆ ಒಂದು ಯೂನಿಟ್ ವಾಪಸ್, ಪೂರ್ತಿ.

ಈಗ ಬ್ಯಾಟರಿ ನೋಡಿ. ಅದಕ್ಕೆ ಒಂದು ಯೂನಿಟ್ ತುಂಬಿದರೆ ಪೂರ್ತಿ ಒಂದು ಯೂನಿಟ್ ವಾಪಸ್ ಬರುವುದಿಲ್ಲ. ಚಾರ್ಜ್ ಆಗುವಾಗ, ಡಿಸ್ಚಾರ್ಜ್ ಆಗುವಾಗ, ಇನ್ವರ್ಟರ್‌ನಲ್ಲಿ, ಎಲ್ಲ ಸೇರಿ ಶೇ. 10ರಿಂದ 15 ಸೋರಿ ಹೋಗುತ್ತದೆ. ಅಂದರೆ ಬಿಲ್ಲಿನ ಲೆಕ್ಕದಲ್ಲಿ ಗ್ರಿಡ್ಡೇ ನಿಮ್ಮ ಬ್ಯಾಟರಿ. ಸವೆಯದ, ಸೋರದ, ಪುಕ್ಕಟೆ ಬ್ಯಾಟರಿ. ಅದರ ಪಕ್ಕ ಲಕ್ಷ ರೂಪಾಯಿ ಮೇಲೆ ಖರ್ಚು ಮಾಡಿ ಇನ್ನೊಂದು ಇಟ್ಟುಕೊಂಡು "ಬಿಲ್ ಇಳಿಯುತ್ತದೆ" ಅಂದರೆ ಹೇಗೆ? ಬಿಲ್ ಇಳಿಸುವುದು ಪ್ಯಾನಲ್ಲು. ಬ್ಯಾಟರಿ ಬೇಕಾಗುವುದು ಕರೆಂಟು ಹೋದ ಹೊತ್ತಿಗೆ ಮಾತ್ರ. ಆದ್ದರಿಂದ ಪ್ಯಾನಲ್ ಎಷ್ಟು ಅನ್ನುವುದನ್ನು ಬಿಲ್ ನೋಡಿ ನಿರ್ಧರಿಸಿ, ಬ್ಯಾಟರಿ ಎಷ್ಟು ಅನ್ನುವುದನ್ನು ನಿಮ್ಮ ಏರಿಯಾದಲ್ಲಿ ಎಷ್ಟು ಹೊತ್ತು ಕರೆಂಟು ಹೋಗುತ್ತದೆ ಅಂತ ನೋಡಿ ನಿರ್ಧರಿಸಿ. ಎರಡನ್ನೂ ಕಲಸಬೇಡಿ.

ಇದನ್ನು ಒಪ್ಪಿದರೆ ಇನ್ನೊಂದು ವಿಷಯ ತಾನಾಗಿಯೇ ಕಾಣುತ್ತದೆ. ಬಹಳಷ್ಟು ಹೈಬ್ರಿಡ್ ಇನ್ವರ್ಟರ್‌ಗಳು ಕಾರ್ಖಾನೆಯಿಂದ ಬರುವಾಗಲೇ ಸೆಲ್ಫ್ ಯೂಸ್ ಮೋಡ್‌ನಲ್ಲಿ ಇರುತ್ತವೆ. ಹಗಲು ಬ್ಯಾಟರಿ ತುಂಬಿಸುತ್ತವೆ, ಸಂಜೆಯಾದ ಮೇಲೆ ಖಾಲಿ ಮಾಡುತ್ತವೆ. ಹೊರಗೆ ಕೊಟ್ಟ ಕರೆಂಟಿಗೆ ಸರಿಯಾದ ಬೆಲೆ ಸಿಗದ ದೇಶಗಳಲ್ಲಿ ಅದು ಸರಿ. ಪುಣೆಯಲ್ಲಿ ಸುಮ್ನೆ ನಷ್ಟ. 5 ಯೂನಿಟ್ಟಿನ ಬ್ಯಾಟರಿ ದಿನಾ ಒಂದು ಸುತ್ತು ಹಾಕಿದರೆ ಅರ್ಧ ಯೂನಿಟ್ ಸೋರಿಕೆ, ತಿಂಗಳಿಗೆ 15 ಯೂನಿಟ್. ಅದಕ್ಕಿಂತ ಮುಖ್ಯವಾಗಿ, ಬೆಳಿಗ್ಗೆ ಕರೆಂಟು ಹೋಗುವ ಹೊತ್ತಿಗೆ ಬ್ಯಾಟರಿ ರಾತ್ರಿಯಿಡೀ ದುಡಿದು ತಳ ಕಂಡಿರುತ್ತದೆ. ಬೇಕಾದಾಗಲೇ ಇಲ್ಲ! ಆಪ್ ತೆರೆದು ಬ್ಯಾಕಪ್ ಮೋಡ್ ಹಾಕಿಸಿ. ಅದಿಲ್ಲದಿದ್ದರೆ ರಿಸರ್ವ್ ಅನ್ನುವ ಸೆಟ್ಟಿಂಗ್‌ನಲ್ಲಿ ಶೇ. 80 ಅಂತ ಇಡಿ. ಅದಕ್ಕಿಂತ ಕೆಳಗೆ ಬ್ಯಾಟರಿ ಇಳಿಯುವುದು ಗ್ರಿಡ್ ಹೋದಾಗ ಮಾತ್ರ. ಯಾವಾಗಲೂ ನೂರಕ್ಕೆ ನೂರು ತುಂಬಿಟ್ಟರೆ ಲಿಥಿಯಂ ಸೆಲ್ಲಿಗೆ ಒಳ್ಳೆಯದಲ್ಲ. ಆದರೆ ಆಗಾಗ ಒಮ್ಮೆ ಪೂರ್ತಿ ತುಂಬಲು ಬಿಡಬೇಕು, ಇಲ್ಲವಾದರೆ ಬಿಎಂಎಸ್, ಅಂದರೆ ಬ್ಯಾಟರಿಯನ್ನು ಕಾಯುವ ಒಳಗಿನ ಸರ್ಕ್ಯೂಟು, ಶೇಕಡಾವಾರು ಲೆಕ್ಕ ತಪ್ಪುತ್ತದೆ.

ಈ ಲೆಕ್ಕ ನಾಳೆ ಬದಲಾಗಬಹುದು. ಹಗಲಿಗೊಂದು ದರ, ಸಂಜೆಗೊಂದು ದರ ಅನ್ನುವ ಕಡೆಗೆ ದೇಶ ಹೊರಟಿದೆ. 2023ರಲ್ಲಿ ಕೇಂದ್ರ ಸರ್ಕಾರ ಗ್ರಾಹಕರ ಹಕ್ಕಿನ ನಿಯಮಗಳಿಗೆ ತಂದ ತಿದ್ದುಪಡಿ ಅದನ್ನೇ ಹೇಳುತ್ತದೆ: ಬಿಸಿಲಿನ ಹೊತ್ತಿನಲ್ಲಿ ದರ ಕನಿಷ್ಠ ಶೇ. 20 ಕಡಿಮೆ, ಬೇಡಿಕೆ ಜಾಸ್ತಿ ಇರುವ ಹೊತ್ತಿನಲ್ಲಿ ಹೆಚ್ಚು. ಹಗಲಿನ ಯೂನಿಟ್ ಹಗಲಿನ ಖರ್ಚಿಗೆ ಮಾತ್ರ ಅನ್ನುವ ಲೆಕ್ಕ ಮನೆಗಳಿಗೂ ಬಂದ ದಿನ ಬ್ಯಾಟರಿಗೆ ಬಿಲ್ ಇಳಿಸುವ ಕೆಲಸವೂ ಸಿಗುತ್ತದೆ. ಅವತ್ತು ಮೋಡ್ ಬದಲಾಯಿಸಿದರೆ ಆಯಿತು. ಅದಕ್ಕೆ ಈಗಲೇ ದೊಡ್ಡ ಬ್ಯಾಟರಿ ಕೊಳ್ಳಬೇಕಾಗಿಲ್ಲ. ಮುಂದೆ ಇನ್ನೊಂದು ಜೋಡಿಸುವ ಅವಕಾಶ ಇರುವ ಮಾಡೆಲ್ ತೆಗೆದುಕೊಳ್ಳಿ.

ಹಾಗಾದರೆ ಪ್ಯಾನಲ್ ಎಷ್ಟು? ಮಹಾವಿತರಣದ ಬಿಲ್ಲಿನಲ್ಲಿ ಸ್ಲ್ಯಾಬ್ ಇವೆ. 100ರ ತನಕ ಒಂದು, 101ರಿಂದ 300, 301ರಿಂದ 500, ಆಮೇಲೆ ಅದಕ್ಕಿಂತ ಮೇಲೆ. ಸೋಲಾರ್ ಮೊದಲು ಕಡಿಯುವುದು ಮೇಲಿನ, ದುಬಾರಿ ಸ್ಲ್ಯಾಬನ್ನು. 1 ಕಿಲೋವ್ಯಾಟ್ ಪ್ಯಾನಲ್ ನಮ್ಮ ಕಡೆ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ, ತಿಂಗಳಿಗೆ ಸುಮಾರು 120. ಮಳೆಗಾಲದಲ್ಲಿ ಕಡಿಮೆ, ಮಾರ್ಚ್, ಏಪ್ರಿಲ್‌ನಲ್ಲಿ ಜಾಸ್ತಿ. ತಿಂಗಳಿಗೆ 450 ಯೂನಿಟ್ ಉಪಯೋಗಿಸುವ ಮನೆಗೆ 3 ಕಿಲೋವ್ಯಾಟ್ ಸಾಕು. ಮೊದಲ 100 ಯೂನಿಟ್ ಅಗ್ಗದ್ದು, ಅದನ್ನೂ ಸೊನ್ನೆ ಮಾಡುತ್ತೇನೆ ಅಂತ ಹಟ ಹಿಡಿದು 4 ಹಾಕಿಸಿದರೆ ಆ ಕೊನೆಯ ಪ್ಯಾನಲ್‌ಗಳ ದುಡ್ಡು ವಾಪಸ್ ಬರುವುದು ಬಹಳ ನಿಧಾನ. ಫಿಕ್ಸೆಡ್ ಚಾರ್ಜ್ ಹೇಗೂ ಬರುತ್ತದೆ. "ಝೀರೋ ಬಿಲ್" ಅನ್ನುವುದು ಜಾಹೀರಾತಿನ ಮಾತು.

ಜಾಸ್ತಿ ಹಾಕಿಸಬಾರದು ಅನ್ನುವುದಕ್ಕೆ ಪುಣೆಗೇ ಸೇರಿದ ಇನ್ನೊಂದು ಕಾರಣ ಇದೆ. ಖಾತೆಯಲ್ಲಿ ಉಳಿದ ಯೂನಿಟ್‌ಗಳು ಆರ್ಥಿಕ ವರ್ಷ ಮುಗಿಯುವ ತನಕ ಮಾತ್ರ ಮುಂದಕ್ಕೆ ಹೋಗುತ್ತವೆ. ಮಾರ್ಚ್ ಕೊನೆಗೆ ಉಳಿದದ್ದಕ್ಕೆ ರಾಜ್ಯದ ವಿದ್ಯುತ್ ಆಯೋಗ ನಿಗದಿ ಮಾಡಿದ ದರದಲ್ಲಿ ದುಡ್ಡು ಹಾಕುತ್ತಾರೆ. ಅದು ನೀವು ಕೊಳ್ಳುವ ದರಕ್ಕಿಂತ ಬಹಳ ಕಡಿಮೆ. ಈಗ ನಮ್ಮ ಹವಾಮಾನ ನೆನಪಿಸಿಕೊಳ್ಳಿ. ನವೆಂಬರ್‌ನಿಂದ ಫೆಬ್ರವರಿ ತನಕ ಇಲ್ಲಿ ಎಸಿ ಬೇಡ, ಎಷ್ಟೋ ಮನೆಗಳಲ್ಲಿ ಫ್ಯಾನೂ ಬೇಡ. ಆಕಾಶ ನಿರ್ಮಲ, ಯೂನಿಟ್ ರಾಶಿ ಬೀಳುತ್ತದೆ. ಅದನ್ನು ಖರ್ಚು ಮಾಡುವ ಏಪ್ರಿಲ್, ಮೇ ಬರುವ ಮುಂಚೆಯೇ ಮಾರ್ಚ್ 31 ಬಂದುಬಿಡುತ್ತದೆ!

ಈಗ ವೈರಿಂಗ್. ಇದರ ಬಗ್ಗೆ ಸ್ವಲ್ಪ ಹೊತ್ತು ಮಾತಾಡುತ್ತೇನೆ, ಆಕಳಿಸಬೇಡಿ. ಹೈಬ್ರಿಡ್ ಕೆಡುವುದು ಪೆಟ್ಟಿಗೆಯಲ್ಲಿ ಅಲ್ಲ, ಗೋಡೆಯೊಳಗೆ.

ಮನೆಯ ಸರ್ಕ್ಯೂಟ್‌ಗಳನ್ನು ಎರಡು ಪಾಲು ಮಾಡಬೇಕು. ಫ್ಯಾನು, ಲೈಟು, ರೂಟರ್, ಫ್ರಿಜ್ಜು ಬ್ಯಾಕಪ್ ಕಡೆಗೆ. ಗೀಸರ್, ಎಸಿ, ಇಂಡಕ್ಷನ್ ಒಲೆ ಗ್ರಿಡ್ ಕಡೆಗೆ. ನೀರಿನ ಪಂಪಿನ ಬಗ್ಗೆ ಯೋಚಿಸಿ: 1 ಎಚ್‌ಪಿ ಮೋಟರ್ ಓಡುವಾಗ ಸುಮಾರು 1 ಕಿಲೋವ್ಯಾಟ್ ತೆಗೆದುಕೊಂಡರೂ ಶುರುವಾಗುವ ಕ್ಷಣದಲ್ಲಿ ಅದರ ನಾಲ್ಕೈದು ಪಟ್ಟು ಎಳೆಯುತ್ತದೆ. 3 ಕಿಲೋವ್ಯಾಟ್ ಇನ್ವರ್ಟರ್ ಅದಕ್ಕೇ ಮಂಡಿಯೂರಬಹುದು.

ಎಲೆಕ್ಟ್ರಿಷಿಯನ್ ಬಂದು ಎಂಸಿಬಿಗಳನ್ನು ಎರಡು ಪಾಲು ಮಾಡುತ್ತಾನೆ. ಫೇಸ್ ವೈರ್ ಬೇರೆ ಮಾಡುತ್ತಾನೆ. ನ್ಯೂಟ್ರಲ್? ಹಳೆ ಮನೆಗಳಲ್ಲಿ ನ್ಯೂಟ್ರಲ್ ಕಾಮನ್. ಹಾಲ್‌ನ ಫ್ಯಾನು, ಪಕ್ಕದ ಬಾತ್‌ರೂಮಿನ ಗೀಸರ್, ಎರಡಕ್ಕೂ ಗೋಡೆಯೊಳಗೆ ಒಂದೇ ಕಪ್ಪು ವೈರು. ಫ್ಯಾನಿನ ಫೇಸ್ ಬ್ಯಾಕಪ್‌ನಿಂದ ಹೋಗಿ, ನ್ಯೂಟ್ರಲ್ ಗ್ರಿಡ್ ಕಡೆಯಿಂದ ವಾಪಸ್ ಬರುತ್ತದೆ. ಆರ್‌ಸಿಸಿಬಿ ಅನ್ನುವುದು ಹೋದ ಕರೆಂಟು, ಬಂದ ಕರೆಂಟು ಎರಡೂ ಸಮ ಇವೆಯಾ ಅಂತ ನೋಡುವ ಸ್ವಿಚ್ಚು. 30 ಮಿಲಿಆಂಪ್ ವ್ಯತ್ಯಾಸ ಬಂದರೂ ಬೀಳುತ್ತದೆ. ಹೀಗೆ ಹೆಣೆದುಕೊಂಡ ನ್ಯೂಟ್ರಲ್ ಇದ್ದರೆ ಫ್ಯಾನ್ ಹಾಕಿದ ಕೂಡಲೇ ಬೀಳುತ್ತದೆ. ಎಲೆಕ್ಟ್ರಿಷಿಯನ್ ಆಗ ಏನು ಮಾಡುತ್ತಾನೆ ಗೊತ್ತಾ? "ಸರ್, ಆರ್‌ಸಿಸಿಬಿ ಹಾಳಾಗಿದೆ" ಅಂತ ಅದನ್ನು ಬೈಪಾಸ್ ಮಾಡುತ್ತಾನೆ. ಮನೆಯಲ್ಲಿ ಜೀವ ಕಾಯುವುದು ಅದೊಂದೇ. ಬೈಪಾಸ್ ಮಾಡಲು ಬಿಡಬೇಡಿ. ನ್ಯೂಟ್ರಲ್ ಬೇರೆ ಎಳೆಸಿ. ಗೋಡೆ ಒಡೆಯಬೇಕಾದರೆ ಬ್ಯಾಕಪ್‌ಗೆ ಕಡಿಮೆ ಪಾಯಿಂಟ್ ಇಟ್ಟುಕೊಳ್ಳಿ, ಆದರೆ ಇಟ್ಟುಕೊಂಡಷ್ಟು ಶುದ್ಧ ಇರಲಿ.

ಎರಡನೆಯದು ಅರ್ತಿಂಗ್. ಗ್ರಿಡ್ ಇರುವಾಗ ನ್ಯೂಟ್ರಲ್ ಭೂಮಿಗೆ ಸೇರುವುದು ಟ್ರಾನ್ಸ್‌ಫಾರ್ಮರ್ ಹತ್ತಿರ. ಅದರಿಂದಲೇ ಫ್ರಿಜ್ಜಿನ ಲೋಹದ ಮೈಗೆ ಕರೆಂಟು ಬಂದಾಗ ಸುತ್ತು ಪೂರ್ತಿಯಾಗಿ ಆರ್‌ಸಿಸಿಬಿ ಬೀಳುತ್ತದೆ. ಕರೆಂಟು ಹೋದಾಗ ಹೈಬ್ರಿಡ್ ಇನ್ವರ್ಟರ್ ಗ್ರಿಡ್‌ನಿಂದ ಕಳಚಿಕೊಳ್ಳುತ್ತದೆ. ಎಷ್ಟೋ ಮಾಡೆಲ್‌ಗಳಲ್ಲಿ ಫೇಸ್ ಜೊತೆ ನ್ಯೂಟ್ರಲ್ಲೂ ಕಳಚುತ್ತದೆ. ಆಗ ನಿಮ್ಮ ಬ್ಯಾಕಪ್ ಸರ್ಕ್ಯೂಟ್‌ನ ನ್ಯೂಟ್ರಲ್ ಯಾವ ನೆಲಕ್ಕೂ ಸೇರದೆ ತೇಲುತ್ತಿರುತ್ತದೆ. ಆ ಹೊತ್ತಿನಲ್ಲಿ ಅರ್ತಿಗೆ ಕರೆಂಟು ಸೋರಿದರೂ ಆರ್‌ಸಿಸಿಬಿಗೆ ಗೊತ್ತಾಗುವುದಿಲ್ಲ. ಇದಕ್ಕಾಗಿ ಒಳ್ಳೆ ಇನ್ವರ್ಟರ್‌ಗಳಲ್ಲಿ ಒಂದು ರಿಲೇ ಇರುತ್ತದೆ. ಗ್ರಿಡ್ ಹೋದಾಗ ಮಾತ್ರ ನ್ಯೂಟ್ರಲ್ಲನ್ನು ಅರ್ತಿಗೆ ಸೇರಿಸುತ್ತದೆ, ಬಂದಾಗ ಬಿಡಿಸುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಅದನ್ನು ಸೆಟ್ಟಿಂಗ್‌ನಲ್ಲಿ ಆನ್ ಮಾಡಬೇಕು. ಕೆಲವದರಲ್ಲಿ ಹೊರಗೆ ಕಾಂಟ್ಯಾಕ್ಟರ್ ಹಾಕಿಸಬೇಕು. ತಂತಿ ಹಾಕಿ ಕಾಯಂ ಸೇರಿಸಿದರೆ ಅದೂ ತಪ್ಪು, ಗ್ರಿಡ್ ಇರುವಾಗ ಆರ್‌ಸಿಸಿಬಿ ಬೀಳುತ್ತಾ ಇರುತ್ತದೆ.

ನೀವೇ ನೋಡಿಕೊಳ್ಳುವುದು ಹೇಗೆ? ಕೆಲಸ ಮುಗಿದ ದಿನ, ದುಡ್ಡಿನ ಕೊನೆ ಕಂತು ಕೊಡುವ ಮುಂಚೆ, ಮೇನ್ ಸ್ವಿಚ್ ಆಫ್ ಮಾಡಿಸಿ. ಬ್ಯಾಕಪ್‌ನಲ್ಲಿರುವ ಒಂದು ಸಾಕೆಟ್‌ನಲ್ಲಿ ನ್ಯೂಟ್ರಲ್‌ಗೂ ಅರ್ತಿಗೂ ನಡುವೆ ಮಲ್ಟಿಮೀಟರ್ ಇಡಿಸಿ. ಒಂದೆರಡು ವೋಲ್ಟ್ ತೋರಿಸಿದರೆ ರಿಲೇ ಕೆಲಸ ಮಾಡುತ್ತಿದೆ. ನೂರರ ಆಸುಪಾಸು ತೋರಿಸಿದರೆ ನ್ಯೂಟ್ರಲ್ ತೇಲುತ್ತಿದೆ. ಆರ್‌ಸಿಸಿಬಿ ಮೇಲಿನ ಟೆಸ್ಟ್ ಬಟನ್ ಒತ್ತಿ "ನೋಡಿ ಸರ್, ಬಿತ್ತು" ಅಂತ ತೋರಿಸಿದರೆ ಒಪ್ಪಬೇಡಿ. ಆ ಬಟನ್ ಫೇಸ್ ಮತ್ತು ನ್ಯೂಟ್ರಲ್ ನಡುವೆಯೇ ಸಣ್ಣ ವ್ಯತ್ಯಾಸ ಹುಟ್ಟಿಸುತ್ತದೆ. ಅರ್ತ್ ವೈರೇ ಇಲ್ಲದ ಮನೆಯಲ್ಲೂ ಬೀಳುತ್ತದೆ. ಅದು ಹೇಳುವುದು ಸ್ವಿಚ್ಚಿನ ಯಂತ್ರ ಸರಿ ಇದೆ ಅಂತ ಮಾತ್ರ.

ಮೂರನೆಯದು ಬಿಸಿಲು ಜೋರಾಗಿದ್ದಾಗಲೇ ಕೈಕೊಡುವ ಸೋಲಾರ್. ಭಾನುವಾರ ಮಧ್ಯಾಹ್ನ, ಅಕ್ಕಪಕ್ಕದಲ್ಲಿ ಖರ್ಚು ಕಡಿಮೆ, ನಾಲ್ಕು ಮನೆಯ ಸೋಲಾರ್ ಹೊರಗೆ ತಳ್ಳುತ್ತಿವೆ. ಲೈನಿನ ವೋಲ್ಟೇಜ್ ಏರಿ 248 ಆಗಿದೆ ಅಂದುಕೊಳ್ಳಿ. ನಿಮ್ಮ ಇನ್ವರ್ಟರ್ ಮೂರನೇ ಮಹಡಿಯ ಮೇಲೆ, ಮೀಟರ್ ಕೆಳಗೆ, ನಡುವೆ 30 ಮೀಟರ್ ವೈರು. ಗುತ್ತಿಗೆದಾರ ಉಳಿತಾಯ ಮಾಡಲು 2.5 ಸ್ಕ್ವೇರ್ ಎಂಎಂ ಎಳೆದಿದ್ದಾನೆ. ಹೋಗಿ ಬರುವ ಆ ತಾಮ್ರದ ತಡೆ ಅರ್ಧ ಓಮ್‌ಗೆ ಹತ್ತಿರ. 3 ಕಿಲೋವ್ಯಾಟ್‌ಗೆ 13 ಆಂಪ್. ಗುಣಿಸಿದರೆ ಸುಮಾರು 6 ವೋಲ್ಟ್. ಕರೆಂಟು ಹೊರಗೆ ತಳ್ಳಬೇಕಾದರೆ ಇನ್ವರ್ಟರ್ ಅಷ್ಟು ಮೇಲೆ ಇರಬೇಕು, ಅಂದರೆ 254. ಮಿತಿ 230ರ ಶೇ. 110, ಅಂದರೆ 253. ಬಂದ್! ಒಂದು ನಿಮಿಷ ಕಾಯುತ್ತದೆ, ಶುರುವಾಗುತ್ತದೆ, ಮತ್ತೆ ಬಂದ್. ದಿನದ ಅತ್ಯುತ್ತಮ ಎರಡು ಗಂಟೆ ಹೀಗೇ ಹೋಗುತ್ತದೆ, ಬಿಲ್ಲು ಬರುವ ತನಕ ನಿಮಗೆ ಗೊತ್ತೂ ಆಗುವುದಿಲ್ಲ. ಅದೇ ಜಾಗದಲ್ಲಿ 6 ಸ್ಕ್ವೇರ್ ಎಂಎಂ ವೈರ್ ಇದ್ದಿದ್ದರೆ ಏರಿಕೆ ಎರಡೂವರೆ ವೋಲ್ಟ್ ಒಳಗೇ ಇರುತ್ತಿತ್ತು. ಕೊಟೇಶನ್‌ನಲ್ಲಿ ಪ್ಯಾನಲ್ ಬ್ರ್ಯಾಂಡ್ ಬಗ್ಗೆ ಗಂಟೆಗಟ್ಟಲೆ ಚೌಕಾಸಿ ಮಾಡುವವರು ಇನ್ವರ್ಟರ್‌ನಿಂದ ಮೀಟರ್‌ಗೆ ಬರುವ ಕೇಬಲ್ ಸೈಜು ಕೇಳುವುದೇ ಇಲ್ಲ.

ಇನ್ನೊಂದು ಚಿಕ್ಕ ವಸ್ತು, ಸಿಟಿ, ಅಂದರೆ ಕರೆಂಟ್ ಟ್ರಾನ್ಸ್‌ಫಾರ್ಮರ್. ಮೀಟರ್ ಹತ್ತಿರ ವೈರಿಗೆ ಕ್ಲಿಪ್ ಥರ ಕಚ್ಚಿಸುವ ಸಣ್ಣ ಉಂಗುರ. ಕರೆಂಟು ಒಳಗೆ ಬರುತ್ತಿದೆಯಾ ಹೊರಗೆ ಹೋಗುತ್ತಿದೆಯಾ ಅಂತ ಇನ್ವರ್ಟರ್‌ಗೆ ಹೇಳುವುದು ಅದೇ. ಅದರ ಮೇಲೆ ಒಂದು ಬಾಣದ ಗುರುತು ಇರುತ್ತದೆ. ಉಲ್ಟಾ ಹಾಕಿದರೆ ಇನ್ವರ್ಟರ್‌ಗೆ ಎಲ್ಲ ಉಲ್ಟಾ ಕಾಣುತ್ತದೆ. ಮನೆಗೆ ಬೇಕು ಅಂದುಕೊಂಡು ಬ್ಯಾಟರಿಯನ್ನು ಬೀದಿಗೆ ಖಾಲಿ ಮಾಡುತ್ತದೆ. ಪರೀಕ್ಷೆ ಸುಲಭ: ರಾತ್ರಿ ಗೀಸರ್ ಹಾಕಿ ಆಪ್ ನೋಡಿ. ಗ್ರಿಡ್‌ಗೆ 2 ಕಿಲೋವ್ಯಾಟ್ ಕೊಡುತ್ತಿದ್ದೇನೆ ಅಂತ ತೋರಿಸಿದರೆ ಉಂಗುರ ತಿರುಗಿಸಬೇಕು.

ಡಿಸಿ ಕಡೆ ಬಗ್ಗೆ ಒಂದೇ ಮಾತು. ಆರು ಪ್ಯಾನಲ್ ಸಾಲಾಗಿ ಜೋಡಿಸಿದರೆ ಸುಮಾರು 300 ವೋಲ್ಟ್ ಡಿಸಿ. ಹಗಲು ಅದನ್ನು ಆರಿಸಲು ಸಾಧ್ಯವೇ ಇಲ್ಲ, ಸೂರ್ಯನನ್ನು ಆಫ್ ಮಾಡಬೇಕು. ಎಸಿಯಲ್ಲಿ ಕಿಡಿ ಹಾರಿದರೆ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬಂದು ಆರುವ ಅವಕಾಶ ಇರುತ್ತದೆ, ಡಿಸಿಯಲ್ಲಿ ಇಲ್ಲ. ಅದಕ್ಕೇ ಕಿಡಿ ಹಾರದಂತೆ ಕನೆಕ್ಟರ್‌ಗಳು ಎರಡೂ ಕಡೆ ಒಂದೇ ಕಂಪನಿಯವು ಇರಲಿ.

ಕಾಗದ ಪತ್ರದ ಕೆಲಸ ಈಗ ಮೊದಲಿನಷ್ಟು ಕಷ್ಟ ಇಲ್ಲ. ಪಿಎಂ ಸೂರ್ಯ ಘರ್ ಯೋಜನೆ 2024ರ ಫೆಬ್ರವರಿಯಲ್ಲಿ ಶುರುವಾಯಿತು. ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಸಬ್ಸಿಡಿ. ಅದಕ್ಕಿಂತ ದೊಡ್ಡದು ಹಾಕಿದರೂ ಅಷ್ಟೇ. ಬ್ಯಾಟರಿಗೆ ಬೇರೆ ಸಬ್ಸಿಡಿ ಇಲ್ಲ. ಪ್ಯಾನಲ್‌ನ ಸೆಲ್ಲುಗಳೂ ದೇಶದಲ್ಲೇ ತಯಾರಾದವು ಆಗಿರಬೇಕು. 10 ಕಿಲೋವ್ಯಾಟ್ ತನಕ ತಾಂತ್ರಿಕ ಪರಿಶೀಲನೆ ಇಲ್ಲದೇ ಅರ್ಜಿ ಒಪ್ಪಬೇಕು ಅಂತ 2024ರ ನಿಯಮ ಇದೆ. ಹೈಬ್ರಿಡ್ ಹಾಕಿಸುವವರು ನೋಡಬೇಕಾದ್ದು ಎರಡು: ಇನ್ವರ್ಟರ್‌ಗೆ ಆಂಟಿ ಐಲ್ಯಾಂಡಿಂಗ್ ಪ್ರಮಾಣಪತ್ರ ಇರಬೇಕು, ಅರ್ಜಿಯ ಜೊತೆ ಕೊಡುವ ಸಿಂಗಲ್ ಲೈನ್ ನಕ್ಷೆಯಲ್ಲಿ ಬ್ಯಾಟರಿಯನ್ನು ತೋರಿಸಿರಬೇಕು. "ಆನ್‌ಗ್ರಿಡ್ ಅಂತ ಪಾಸ್ ಮಾಡಿಸಿ ಆಮೇಲೆ ಬ್ಯಾಟರಿ ಸೇರಿಸೋಣ" ಅನ್ನುವ ಗುತ್ತಿಗೆದಾರರು ಸಿಗುತ್ತಾರೆ. ಅಂಥವರಿಂದ ದೂರ ಇರಿ.

ಬ್ಯಾಟರಿ ಯಾವುದು ಅಂದರೆ, ಹೊಸದಾಗಿ ಹಾಕುವವರಿಗೆ ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್. 16 ಸೆಲ್ ಸಾಲಾಗಿ ಇದ್ದರೆ 51.2 ವೋಲ್ಟ್, 100 ಆಂಪ್ ಅವರ್, ಅಂದರೆ 5 ಯೂನಿಟ್. ಅದರಲ್ಲಿ ನಾಲ್ಕೂವರೆ ಧಾರಾಳವಾಗಿ ಉಪಯೋಗಿಸಬಹುದು. ಬ್ಯಾಕಪ್ ಕಡೆ 400 ವ್ಯಾಟ್ ಓಡುತ್ತಿದ್ದರೆ ಹನ್ನೊಂದು ಗಂಟೆ. ಬಿಸಿಲಿದ್ದರೆ ಮೇಲಿಂದ ತುಂಬುತ್ತಲೂ ಇರುತ್ತದೆ. ಗುರುವಾರಕ್ಕೆ ಇದೇ ಜಾಸ್ತಿ. ಮಾಳಿಗೆಯ ತಗಡಿನ ಕೆಳಗೆ ಇಡಬೇಡಿ, ಮೆಟ್ಟಿಲ ಕೆಳಗೂ ಬೇಡ. ಬಿಸಿ ಅದರ ಆಯಸ್ಸು ತಿನ್ನುತ್ತದೆ, ಮೆಟ್ಟಿಲು ನೀವು ಓಡಿ ಹೋಗುವ ದಾರಿ.

ಇನ್ನು ಪ್ರಶ್ನೆಗಳು.

ಫ್ಲ್ಯಾಟ್‌ನಲ್ಲಿ ಇರುವವರು ಏನು ಮಾಡಬೇಕು ಅಂತ ಒಬ್ಬರು ಕೇಳಿದರು. ಮಾಳಿಗೆ ಸೊಸೈಟಿಯದು, ಹಾಗಾಗಿ ಮೊದಲು ಸೊಸೈಟಿಯ ಕಾಮನ್ ಮೀಟರ್‌ಗೆ ಸೋಲಾರ್ ಹಾಕಿಸಿ. ಲಿಫ್ಟು, ಪಂಪು, ಮೆಟ್ಟಿಲ ದೀಪ, ಎಲ್ಲ ಅದರಲ್ಲೇ ಇರುತ್ತದೆ. ಸೊಸೈಟಿಗಳಿಗೆ ಕಿಲೋವ್ಯಾಟ್‌ಗೆ 18,000 ರೂಪಾಯಿ ಸಬ್ಸಿಡಿ ಇದೆ. ನಿಮ್ಮ ಫ್ಲ್ಯಾಟ್‌ನೊಳಗೆ ಬರೀ ಬ್ಯಾಟರಿ ಮತ್ತು ಇನ್ವರ್ಟರ್ ಇಟ್ಟುಕೊಂಡರೆ ಸಾಕು. ಹೊರಗೆ ಕರೆಂಟು ಕೊಡದಿದ್ದರೆ ನೆಟ್ ಮೀಟರ್‌ನ ಗೋಜಿಲ್ಲ.

ವಿಜಯಪುರದ ಮನೆಗೂ ಇದನ್ನೇ ಮಾಡಬಹುದಾ ಅನ್ನುವುದು ಇನ್ನೊಬ್ಬರ ಪ್ರಶ್ನೆ. ಅಪ್ಪ ಅಮ್ಮ ಇಬ್ಬರೇ ಇದ್ದಾರಂತೆ. ಅಲ್ಲಿ ಲೆಕ್ಕವೇ ಬೇರೆ. ಹೆಸ್ಕಾಂ ವ್ಯಾಪ್ತಿ, ಕರ್ನಾಟಕದ ಆಯೋಗದ ನಿಯಮ. ಮೇಲೆ 2023ರಿಂದ ಗೃಹಜ್ಯೋತಿ ಇದೆ, 200 ಯೂನಿಟ್ ಮಿತಿಯೊಳಗೆ, ತನಗೆ ಗೊತ್ತುಮಾಡಿದ ಯೂನಿಟ್ ದಾಟದ ಮನೆಗೆ ಬಿಲ್ಲೇ ಇಲ್ಲ. ಇಲ್ಲದ ಬಿಲ್ಲನ್ನು ಸೋಲಾರ್ ಹೇಗೆ ಇಳಿಸುತ್ತದೆ? ವಯಸ್ಸಾದವರಿಗೆ ಬೇಕಾಗಿರುವುದು ಕರೆಂಟು ಹೋದಾಗ ಫ್ಯಾನು ಮತ್ತು ದೀಪ. ಒಂದು ಒಳ್ಳೆ ಬ್ಯಾಟರಿ ಇನ್ವರ್ಟರ್ ಕೊಡಿಸಿ, ಫ್ಯಾನುಗಳನ್ನು ಬಿಎಲ್‌ಡಿಸಿ ಮಾಡಿಸಿ. 70 ವ್ಯಾಟ್ ತಿನ್ನುವ ಫ್ಯಾನು 30ಕ್ಕೆ ಇಳಿಯುತ್ತದೆ, ಅದೇ ಬ್ಯಾಟರಿ ಎರಡು ಪಟ್ಟು ಹೊತ್ತು ಬರುತ್ತದೆ.

ಕೊನೆಯ ಪ್ರಶ್ನೆ ನನಗೆ ಇಷ್ಟವಾಯಿತು. ಮನೆಯಲ್ಲಿ ಹಳೆ ಇನ್ವರ್ಟರ್, ಟ್ಯೂಬುಲರ್ ಬ್ಯಾಟರಿ ಚೆನ್ನಾಗಿಯೇ ಇದೆ, ಅದನ್ನು ಎಸೆದು ಹೈಬ್ರಿಡ್ ಹಾಕಿಸಬೇಕಾ ಅಂತ. ಬೇಡ. ಮಾಳಿಗೆ ಮೇಲೆ ಸಾದಾ ಆನ್‌ಗ್ರಿಡ್ ಹಾಕಿಸಿ, ಅದು ಬಿಲ್ ನೋಡಿಕೊಳ್ಳಲಿ. ಗುರುವಾರವನ್ನು ಹಳೆ ಇನ್ವರ್ಟರ್ ನೋಡಿಕೊಳ್ಳಲಿ. ಎಲ್ಲಕ್ಕಿಂತ ಕಡಿಮೆ ಖರ್ಚಿನ ಜೋಡಣೆ ಇದು. ಕರೆಂಟು ಹೋದಾಗ ಬಿಸಿಲು ಉಪಯೋಗಕ್ಕೆ ಬರುವುದಿಲ್ಲ ನಿಜ, ಆದರೆ ವಾರಕ್ಕೆ ನಾಲ್ಕು ಗಂಟೆಯ ಬಿಸಿಲಿಗೆ ಲಕ್ಷ ರೂಪಾಯಿ ಯಾಕೆ? ಒಂದೇ ಎಚ್ಚರಿಕೆ: ಆನ್‌ಗ್ರಿಡ್ ಇನ್ವರ್ಟರ್‌ನ ವೈರು ಮೀಟರ್ ಕಡೆಯ ಮೇನ್ ಬೋರ್ಡಿಗೆ ಸೇರಬೇಕು, ಹಳೆ ಇನ್ವರ್ಟರ್‌ನ ಔಟ್‌ಪುಟ್ ಕಡೆಗೆ ಸೇರಬಾರದು. ಅಲ್ಲಿ ಸೇರಿಸಿದರೆ ಕರೆಂಟು ಹೋದಾಗ ಅದು ಹಳೆ ಇನ್ವರ್ಟರನ್ನೇ ಗ್ರಿಡ್ ಅಂತ ತಿಳಿದು ಪೂರ್ತಿ ಬಿಸಿಲಿನ ಕರೆಂಟನ್ನು ಅದರ ಬಾಯಿಗೆ ತಳ್ಳುತ್ತದೆ. ಆ ಹಳೆ ಪೆಟ್ಟಿಗೆ ಹಿಮ್ಮುಖವಾಗಿ ಬರುವ ಕರೆಂಟಿಗೆ ಮಾಡಿದ್ದಲ್ಲ, ಸುಟ್ಟುಹೋಗಬಹುದು. ನಾಳೆಯೇ ಎಲೆಕ್ಟ್ರಿಷಿಯನ್ ಬರುತ್ತಾನೆ ಅಂದರು ಅವರು. ಹಾಗಾದರೆ ಮೊದಲು ಸೋಲಾರ್‌ನ ವೈರು ಸೇರುವ ಎಂಸಿಬಿ ಯಾವ ಕಡೆ ಇದೆ ಅಂತ ತೋರಿಸಲು ಹೇಳಿ.